ಪದ ಪರಿಚಯ: ಡಿಜಿಟಲ್ ರೂಲ್‌ಬುಕ್

ಚೌಕಾಬಾರ ಕಲಿಯೋಕೆ ನಾವ್ಯಾರೂ ಪುಸ್ತಕ ಓದಲಿಲ್ಲ. ಅಜ್ಜಿಯೋ ಅತ್ತೆಯೋ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎರಡು ಆಟ ಸೋಲುವಷ್ಟರಲ್ಲಿ ನಿಯಮವೆಲ್ಲ ಬಾಯಿಗೆ ಬಂದಿತ್ತು.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಗೇಮ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ‘ನಾನು ಕೋಟೆ ಗೋಡೆ ಹತ್ತುತ್ತೇನೆ’ ಅಂತ ಒಬ್ಬರು ಹೇಳಿದರೆ, ಹತ್ತಿದರೋ ಜಾರಿ ಬಿದ್ದರೋ ಅನ್ನೋದನ್ನು ದಾಳ ತೀರ್ಮಾನಿಸುತ್ತದೆ. ಎಷ್ಟು ಬಿದ್ದರೆ ಏನಾಗುತ್ತದೆ, ಯಾವ ಪಾತ್ರಕ್ಕೆ ಎಷ್ಟು ಬಲ, ಯಾವ ಮಂತ್ರ ಎಷ್ಟು ದೂರ ತಲುಪುತ್ತದೆ, ಇದನ್ನೆಲ್ಲ ಬರೆದಿಟ್ಟ ಪುಸ್ತಕವೇ ರೂಲ್‌ಬುಕ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ತೆಳು ಪುಸ್ತಿಕೆ. 2014ರ ಆವೃತ್ತಿಯಲ್ಲಿ ಆಟಗಾರರ ಪುಸ್ತಕ ಒಂದೇ 320 ಪುಟ. ಕಥೆ ನಡೆಸುವವರಿಗೆ ಬೇರೆ ಪುಸ್ತಕ, ರಾಕ್ಷಸರ ವಿವರಕ್ಕೆ ಇನ್ನೊಂದು.

ಈ ಆಟಕ್ಕೆ ಬೋರ್ಡ್ ಬೇಕೇ ಬೇಕು ಅಂತಿಲ್ಲ. ದಾಳ ಎಲ್ಲಾದರೂ ಸಿಗುತ್ತದೆ. ಹಾಗಾಗಿ ಪ್ರಕಾಶಕರು ಮಾರುವ ಮುಖ್ಯ ಸರಕು ಪುಸ್ತಕವೇ. ಅದನ್ನು ಫೈಲ್ ಮಾಡಿ ಮಾರೋಣವೇ ಬೇಡವೇ ಅನ್ನೋ ಪ್ರಶ್ನೆಗೆ ಇಷ್ಟು ತೂಕ ಬಂದಿರೋದು ಇದರಿಂದ.

‘ಡಿಜಿಟಲ್ ರೂಲ್‌ಬುಕ್’ ಅನ್ನೋ ಒಂದೇ ಹೆಸರಿನಲ್ಲಿ ಈಗ ಎರಡು ಬೇರೆ ಬೇರೆ ವಸ್ತು ಓಡಾಡುತ್ತಿವೆ. ಮೊದಲನೆಯದು ಪಿಡಿಎಫ್. ದುಡ್ಡು ಕೊಡುತ್ತೀರಿ, ಫೈಲ್ ಇಳಿಸಿಕೊಳ್ಳುತ್ತೀರಿ, ಅದು ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರುತ್ತದೆ. ನೆಟ್ ಇಲ್ಲದ ಊರಲ್ಲೂ ತೆರೆಯುತ್ತದೆ. ಎರಡನೆಯದು ಲಾಗಿನ್ ಆಗಿ ಓದುವ ಪುಸ್ತಕ. ಡಿ ಅಂಡ್ ಡಿ ಬಿಯಾಂಡ್ ಅನ್ನೋ ಜಾಲತಾಣ ಇದಕ್ಕೆ ದೊಡ್ಡ ಉದಾಹರಣೆ. 2017ರಲ್ಲಿ ಶುರುವಾದ ಅದನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ಒಡೆಯ ಹ್ಯಾಸ್‌ಬ್ರೋ 2022ರಲ್ಲಿ ಕೊಂಡುಕೊಂಡಿತು. ಅಲ್ಲಿ ಪುಸ್ತಕಕ್ಕೆ ದುಡ್ಡು ಕೊಟ್ಟರೂ ಪುಟಗಳು ಇರೋದು ಕಂಪನಿಯ ಸರ್ವರ್‌ನಲ್ಲೇ.

ಅದರಲ್ಲಿ ಅನುಕೂಲ ಇದೆ, ಇಲ್ಲ ಅನ್ನೋದಿಲ್ಲ. ಮಂತ್ರದ ಹೆಸರು ಒತ್ತಿದರೆ ವಿವರ ಬರುತ್ತದೆ, ಪಾತ್ರದ ಲೆಕ್ಕವನ್ನು ಅದೇ ಮಾಡಿಕೊಡುತ್ತದೆ. ಆದರೆ 2024ರ ಆಗಸ್ಟ್‌ನಲ್ಲಿ ಏನಾಯಿತು ನೋಡಿ. ಹೊಸ ಆವೃತ್ತಿ ಬರುವ ಹೊತ್ತಿಗೆ, ಆಟಗಾರರ ಪಾತ್ರಗಳಲ್ಲಿ ಇದ್ದ ಹಳೆಯ ಮಂತ್ರಗಳ ಜಾಗಕ್ಕೆ ಹೊಸವನ್ನು ತುಂಬುತ್ತೇವೆ ಅಂತ ಕಂಪನಿ ಹೇಳಿತು. ಹಾಗೆ ಮಾಡಿದ್ದರೆ ವಾರಗಟ್ಟಲೆ ನಡೆಯುತ್ತಿದ್ದ ಕಥೆಗಳು ನಡುವೆಯೇ ಕೆಡುತ್ತಿದ್ದವು. ಆಟಗಾರರು ಸಿಟ್ಟಾದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಕಪಾಟಿನಲ್ಲಿರುವ ಪುಸ್ತಕಕ್ಕೋ ಪೆನ್‌ಡ್ರೈವ್‌ನಲ್ಲಿರುವ ಪಿಡಿಎಫ್‌ಗೋ ಇಂಥ ಭಯ ಇಲ್ಲವೇ ಇಲ್ಲ ಅಲ್ವಾ?

ಹಾಗಾದರೆ ಎಲ್ಲರೂ ಪಿಡಿಎಫ್ ಮಾರಬಾರದೇಕೆ? ಕಳ್ಳಪ್ರತಿಯ ಭಯ. ಈ ಭಯದ ಅತಿ ದೊಡ್ಡ ಪ್ರಸಂಗ ನಡೆದದ್ದು 2009ರ ಏಪ್ರಿಲ್‌ನಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ, ಹ್ಯಾಸ್‌ಬ್ರೋ ಕೈಕೆಳಗಿನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಹೊಸ ಪುಸ್ತಕವೊಂದರ ಪ್ರತಿ ನೆಟ್‌ನಲ್ಲಿ ಹರಿದಾಡಿತು. ಕಂಪನಿ ಎಂಟು ಜನರ ಮೇಲೆ ಮೊಕದ್ದಮೆ ಹೂಡಿತು. ಅಷ್ಟಕ್ಕೆ ನಿಲ್ಲದೆ ತನ್ನ ಎಲ್ಲ ಪಿಡಿಎಫ್‌ಗಳನ್ನೂ ಮಾರಾಟದಿಂದ ವಾಪಸ್ ತೆಗೆದುಕೊಂಡಿತು. ಡ್ರೈವ್‌ಥ್ರೂಆರ್‌ಪಿಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ, ಆಗಲೇ ದುಡ್ಡು ಕೊಟ್ಟವರಿಗೂ ತಮ್ಮ ಫೈಲ್ ಮತ್ತೆ ಇಳಿಸಿಕೊಳ್ಳುವ ಬಾಗಿಲು ಮುಚ್ಚಿತು.

ನನ್ನ ಮಟ್ಟಿಗೆ ಇದು ತಪ್ಪು ನಿರ್ಧಾರ. ಪೆಟ್ಟು ತಿಂದವರು ನಿಯತ್ತಿನಿಂದ ಕೊಂಡವರು. ಕದಿಯುವವರಿಗೆ ಒಂದು ಅಚ್ಚಿನ ಪುಸ್ತಕ, ಒಂದು ಸ್ಕ್ಯಾನರ್ ಸಾಕು. ಅಂಗಡಿಯಲ್ಲಿ ಪಿಡಿಎಫ್ ಇಲ್ಲ ಅಂತಾದರೆ ನೆಟ್‌ನಲ್ಲಿ ಉಳಿಯೋದು ಕಳ್ಳಪ್ರತಿ ಮಾತ್ರ. ಅದೇ ವರ್ಷದ ಆಗಸ್ಟ್‌ನಲ್ಲಿ ಪೈಜೋ ಕಂಪನಿ ತನ್ನ ಪಾತ್‌ಫೈಂಡರ್ ಆಟದ ಮೂಲ ಪುಸ್ತಕ ತಂದಿತು. ಅಚ್ಚಿನ ಪ್ರತಿಗೆ 49.99 ಡಾಲರ್, ಪಿಡಿಎಫ್‌ಗೆ 9.99 ಡಾಲರ್. ಅಷ್ಟು ಅಗ್ಗದ ಫೈಲ್ ಪಕ್ಕದಲ್ಲೇ ಇದ್ದರೂ ಅಚ್ಚಿನ ಪುಸ್ತಕದ ಮೊದಲ ಮುದ್ರಣ ಬೇಗ ಖಾಲಿಯಾಯಿತು. ವಿಜರ್ಡ್ಸ್ ಕೂಡ 2013ರ ಜನವರಿಯಲ್ಲಿ ಹಳೆಯ ಪುಸ್ತಕಗಳ ಪಿಡಿಎಫ್ ಮಾರಾಟಕ್ಕೆ ಮರಳಿತು. 2014ರ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳನ್ನು ಮಾತ್ರ ಆ ದಾರಿಗೆ ತರಲಿಲ್ಲ.

ಕಳ್ಳಪ್ರತಿ ತಡೆಯೋಕೆ ಪ್ರಕಾಶಕರು ಬಳಸುವ ಒಂದು ಉಪಾಯ ವಾಟರ್‌ಮಾರ್ಕ್. ನೀವು ಕೊಂಡ ಪಿಡಿಎಫ್‌ನ ಪ್ರತಿ ಪುಟದ ಅಡಿಯಲ್ಲಿ ನಿಮ್ಮ ಹೆಸರು, ಆರ್ಡರ್ ಸಂಖ್ಯೆ ಸಣ್ಣದಾಗಿ ಅಚ್ಚಾಗಿರುತ್ತದೆ. ಫೈಲ್‌ಗೆ ಬೀಗ ಇಲ್ಲ, ಎಲ್ಲಿ ಬೇಕಾದರೂ ತೆರೆಯಬಹುದು. ಆದರೆ ಹಂಚಿದರೆ ನಿಮ್ಮ ಹೆಸರೇ ಹಂಚಿಕೆಯಾಗುತ್ತದೆ. ಇದನ್ನು ಅಳಿಸೋದು ಅಸಾಧ್ಯವೇನಲ್ಲ. ಆದರೂ ಓದುಗರನ್ನು ನಂಬಿ, ಒಂದು ಜವಾಬ್ದಾರಿ ಹೊರಿಸುವ ಈ ರೀತಿ ನನಗೆ ಹಿಡಿಸುತ್ತದೆ.

ಇನ್ನೊಂದು ಆತಂಕ ಊರಿನ ಆಟದ ಅಂಗಡಿಯದು. ಆಟಗಾರರು ಸೇರೋದು, ಹೊಸಬರು ಕಲಿಯೋದು ಅಲ್ಲೇ. ಎಲ್ಲರೂ ಫೈಲ್ ಕೊಂಡರೆ ಅಂಗಡಿಯವರ ಗತಿ? 2010ರಲ್ಲಿ ಇವಿಲ್ ಹ್ಯಾಟ್ ಮುಂತಾದ ಸಣ್ಣ ಪ್ರಕಾಶಕರು ಸೇರಿ ಬಿಟ್ಸ್ ಅಂಡ್ ಮಾರ್ಟರ್ ಅನ್ನೋ ಏರ್ಪಾಡು ಮಾಡಿದರು. ಅಂಗಡಿಯಲ್ಲಿ ಅಚ್ಚಿನ ಪುಸ್ತಕ ಕೊಂಡವರಿಗೆ ಅದರ ಪಿಡಿಎಫ್ ಉಚಿತ.

ನಮ್ಮ ಕಡೆಯ ಆಟಗಾರರಿಗೆ ಈ ಪಿಡಿಎಫ್ ವಿಚಾರದಲ್ಲಿ ಜಾಸ್ತಿ ಸಂಬಂಧ ಇದೆ. ಗಟ್ಟಿ ರಟ್ಟಿನ ಆ ಭಾರದ ಪುಸ್ತಕಗಳು ಹಡಗೋ ವಿಮಾನವೋ ಹತ್ತಿ ಬರಬೇಕು, ಸಾಗಣೆಯ ಖರ್ಚು ಮೇಲೆ ಬೀಳುತ್ತದೆ. ಸಣ್ಣ ಪ್ರಕಾಶಕರ ಪುಸ್ತಕವಂತೂ ಇಲ್ಲಿನ ಅಂಗಡಿಯಲ್ಲಿ ನಾನು ಕಂಡದ್ದೇ ಅಪರೂಪ. ನಾನು ಮೊದಲು ಕೊಂಡ ರೂಲ್‌ಬುಕ್ ಪಿಡಿಎಫ್. ಎರಡು ಕಾಲಂನ ಪುಟ ಮೊಬೈಲ್‌ನಲ್ಲಿ ಓದೋಕೆ ಕಷ್ಟವಾಯಿತು. ಆಟಕ್ಕೆ ಬೇಕಾದ ನಲವತ್ತು ಪುಟ ಆರಿಸಿ, ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿದೆ. ಆ ಪ್ರತಿಯ ಮೇಲೆ ಈಗ ಕಾಫಿ ಕಲೆ ಇದೆ, ಅಂಚಿನಲ್ಲಿ ಕನ್ನಡದ ಟಿಪ್ಪಣಿಗಳಿವೆ. ಪ್ರಕಾಶಕರು ಆಮೇಲೆ ತಪ್ಪು ತಿದ್ದಿ ಹೊಸ ಫೈಲ್ ಹಾಕಿದರು. ಅದನ್ನು ಇಳಿಸಿಕೊಂಡು ಆ ಪುಟಗಳನ್ನಷ್ಟೇ ಬದಲಾಯಿಸಿದೆ, ಬೇರೆ ದುಡ್ಡು ಕೊಡಬೇಕಾಗಲಿಲ್ಲ.

ಹೊಸದಾಗಿ ಕೊಳ್ಳುವವರು ‘ಡಿಜಿಟಲ್’ ಅಂತ ಬರೆದ ಕಡೆ ಫೈಲ್ ಇಳಿಸಿಕೊಳ್ಳಬಹುದೇ ಅಂತ ಮೊದಲು ನೋಡಿ. ದುಡ್ಡು ಹಾಕುವ ಮುಂಚೆ ಆಟದ ರುಚಿ ನೋಡಬೇಕಾದರೂ ದಾರಿ ಇದೆ. 2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಒಂದು ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಅದರ ಪಿಡಿಎಫ್ ಉಚಿತ. ಮೂಲದ ಹೆಸರು ಹೇಳಿ ಅದನ್ನು ಕನ್ನಡಕ್ಕೆ ತರುವುದಕ್ಕೂ ಅನುಮತಿ ಇದೆ.