ನಾಲ್ಕು ರಾಷ್ಟ್ರಗಳು ಐದಾದ ಬಗೆ: 1910ರ ರಗ್ಬಿ ಋತುವಿನ ಹಿನ್ನೆಲೆ

ವೇಲ್ಸ್ ರಗ್ಬಿ ತಂಡ 2019ರ ಗೆಲುವನ್ನೂ ಸೇರಿಸಿ ಎಷ್ಟು ಬಾರಿ ಗ್ರ್ಯಾಂಡ್ ಸ್ಲಾಮ್ (ಯುರೋಪಿನ ರಾಷ್ಟ್ರಗಳ ವಾರ್ಷಿಕ ರಗ್ಬಿ ಟೂರ್ನಿಯಲ್ಲಿ ಎಲ್ಲ ಎದುರಾಳಿಗಳನ್ನೂ ಸೋಲಿಸುವುದು) ಸಾಧಿಸಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 12. ಕಟ್ಟುನಿಟ್ಟಾಗಿ ಲೆಕ್ಕವಿಡುವ ಕೆಲವರು ಮಾತ್ರ 10 ಎನ್ನುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣ 1908 ಮತ್ತು 1909ರ ಎರಡು ಋತುಗಳು. ಆ ಎರಡೂ ವರ್ಷ ವೇಲ್ಸ್ ತಂಡ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಫ್ರಾನ್ಸ್ ತಂಡಗಳನ್ನು ಸೋಲಿಸಿತ್ತು. ಆದರೆ ಫ್ರಾನ್ಸ್ ಆಗ ಟೂರ್ನಿಯ ಭಾಗವಾಗಿತ್ತೇ, ಇಲ್ಲವೇ ಎಂಬುದರಲ್ಲಿ ಒಮ್ಮತವಿಲ್ಲ. ಫ್ರಾನ್ಸ್ ಸೇರಿದ್ದು 1910ರಲ್ಲಿ ಎಂದು ದಾಖಲೆಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಸೇರ್ಪಡೆ ಹೇಗಾಯಿತು ಎಂದು ತಿಳಿಯಬೇಕಾದರೆ 1910ರ ಋತುವನ್ನು ಪಂದ್ಯ ಪಂದ್ಯವಾಗಿ ನೋಡಬೇಕು.

ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ಎಡಿನ್‌ಬರೋದ ರೇಬರ್ನ್ ಪ್ಲೇಸ್‌ನಲ್ಲಿ 1871ರ ಮಾರ್ಚ್ 27ರಂದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಎಂಬ ನಾಲ್ಕು ದೇಶಗಳ ನಡುವಿನ ವಾರ್ಷಿಕ ಪಂದ್ಯಗಳನ್ನು 1883ರಿಂದ ಚಾಂಪಿಯನ್‌ಷಿಪ್ ಎಂದು ಎಣಿಸುವ ವಾಡಿಕೆಯಿದೆ. ಆರಂಭದಿಂದಲೂ ಈ ಬಳಗದಲ್ಲಿ ಮನಸ್ತಾಪಗಳಿಗೆ ಕೊರತೆಯಿರಲಿಲ್ಲ. 1884ರ ಒಂದು ಟ್ರೈ (ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು) ಕುರಿತ ವಿವಾದದಿಂದ ಮರುವರ್ಷ ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯವೇ ನಡೆಯಲಿಲ್ಲ. ಇಂಗ್ಲೆಂಡ್ ಬಿಟ್ಟು ಉಳಿದ ಮೂರು ದೇಶಗಳ ರಗ್ಬಿ ಸಂಘಗಳು 1886ರಲ್ಲಿ ಅಂತರರಾಷ್ಟ್ರೀಯ ಮಂಡಳಿಯನ್ನು ಕಟ್ಟಿಕೊಂಡವು, ಇಂಗ್ಲೆಂಡ್ ಅದನ್ನು ಒಪ್ಪದೆ 1888 ಮತ್ತು 1889ರಲ್ಲಿ ಹೊರಗುಳಿಯಿತು, 1890ರ ಮಧ್ಯಸ್ಥಿಕೆಯ ನಂತರವೇ ಒಳಬಂದಿತು. ದುಡಿದು ಉಣ್ಣುವ ಆಟಗಾರರಿಗೆ ಕಳೆದುಹೋದ ಕೂಲಿಯನ್ನು ತುಂಬಿಕೊಡಬೇಕೇ ಎಂಬ ಪ್ರಶ್ನೆಯ ಮೇಲೆ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಬೇರೆಯಾದವು. 1892ರಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಾಂಪಿಯನ್ ಆಗಿದ್ದ ಇಂಗ್ಲೆಂಡ್, ಆ ಒಡಕಿನ ನಂತರ ಹಲವು ವರ್ಷ ಚೇತರಿಸಿಕೊಳ್ಳಲಿಲ್ಲ.

ಇಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಆ ಕಾಲದಲ್ಲಿ ಈ ಚಾಂಪಿಯನ್‌ಷಿಪ್‌ಗೆ ಟ್ರೋಫಿ ಇರಲಿಲ್ಲ. ಅದು ಬಂದದ್ದು 1993ರಲ್ಲಿ. ಸಂಘಗಳ ದೃಷ್ಟಿಯಲ್ಲಿ ಪ್ರತಿಯೊಂದು ಪಂದ್ಯವೂ ಎರಡು ಸಂಘಗಳು ತಮ್ಮತಮ್ಮೊಳಗೆ ಗೊತ್ತುಮಾಡಿಕೊಂಡ ಪಂದ್ಯವಾಗಿತ್ತು. ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿಯನ್ನು ಪತ್ರಿಕೆಗಳು ಮತ್ತು ಓದುಗರು ಹಾಕಿಕೊಳ್ಳುತ್ತಿದ್ದರು. ಆದ್ದರಿಂದ ಫ್ರಾನ್ಸನ್ನು ಅಧಿಕೃತವಾಗಿ ಯಾವಾಗ ಸೇರಿಸಿಕೊಂಡರು ಎಂದು ಹುಡುಕುವವರು, ಇಂದಿನ ಟೂರ್ನಿಯ ಕಲ್ಪನೆಯನ್ನು ಅಂಥದ್ದೇ ಇಲ್ಲದಿದ್ದ ಕಾಲಕ್ಕೆ ಒಯ್ಯುತ್ತಿರುತ್ತಾರೆ.

ಬ್ರಿಟಿಷ್ ನಿವಾಸಿಗಳ ಮೂಲಕ 1870ರ ದಶಕದಲ್ಲಿ ಫ್ರಾನ್ಸ್ ತಲುಪಿದ್ದ ರಗ್ಬಿ, ಶಾಲೆಗಳಲ್ಲೂ ಪ್ಯಾರಿಸ್ಸಿನ ಕ್ಲಬ್‌ಗಳಲ್ಲೂ ಬೇಗ ಬೇರೂರಿತು. 1892ರಲ್ಲಿ ನಡೆದ ಫ್ರಾನ್ಸಿನ ಮೊದಲ ರಾಷ್ಟ್ರೀಯ ಫೈನಲ್‌ಗೆ ರೆಫರಿಯಾಗಿದ್ದವರು ಮುಂದೆ ಒಲಿಂಪಿಕ್ಸ್‌ಗೆ ಮರುಜೀವ ಕೊಟ್ಟ ಪಿಯರ್ ದ ಕೂಬರ್ತಾಂ. ರಾಷ್ಟ್ರೀಯ ತಂಡ 1906ರ ಜನವರಿ 1ರಂದು ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಬಾರಿಗೆ ಕಣಕ್ಕಿಳಿದು 8–38ರಿಂದ ಸೋತಿತು. ಅದೇ ಮಾರ್ಚ್‌ನಲ್ಲಿ ಇಂಗ್ಲೆಂಡ್ ಪ್ಯಾರಿಸ್ಸಿಗೆ ಹೋಗಿ 35–8ರಿಂದ ಗೆದ್ದಿತು. ವೇಲ್ಸ್ 1908ರಲ್ಲಿ ಕಾರ್ಡಿಫ್‌ನಲ್ಲಿ ಆಡಿ 36–4ರಿಂದ, ಐರ್ಲೆಂಡ್ 1909ರಲ್ಲಿ ಡಬ್ಲಿನ್‌ನಲ್ಲಿ ಆಡಿ 19–8ರಿಂದ ಗೆದ್ದವು. ಅಂಕಗಳನ್ನು ನೋಡಿ ಇವೆಲ್ಲ ಏಕಪಕ್ಷೀಯ ಪಂದ್ಯಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರತಿ ಸೋಲಿನ ನಂತರವೂ ಮರುವರ್ಷಕ್ಕೆ ಪಂದ್ಯ ಗೊತ್ತುಮಾಡಿಕೊಳ್ಳಲು ಎರಡೂ ಕಡೆಯವರು ಮುಂದಾದರು ಎಂಬುದೇ ಇಲ್ಲಿ ಮುಖ್ಯ. ನಾಲ್ಕು ಸಂಘಗಳ ಪೈಕಿ ಸ್ಕಾಟ್ಲೆಂಡ್ ಒಂದೇ ಬಾಕಿ ಉಳಿದಿತ್ತು. 1910ರಲ್ಲಿ ಅದೂ ಒಪ್ಪಿದಾಗ, ಐದು ದೇಶಗಳಲ್ಲಿ ಪ್ರತಿಯೊಂದೂ ಉಳಿದ ನಾಲ್ಕರ ಎದುರು ಆಡುವ ಮೊದಲ ಋತು ಸಿದ್ಧವಾಯಿತು.

ಆ ಋತುವಿನ ಮೊದಲ ಪಂದ್ಯ 1910ರ ಜನವರಿ 1ರಂದು ಸ್ವಾನ್ಸಿಯ ಸೇಂಟ್ ಹೆಲೆನ್ಸ್ ಮೈದಾನದಲ್ಲಿ ವೇಲ್ಸ್ ಮತ್ತು ಫ್ರಾನ್ಸ್ ನಡುವೆ ನಡೆಯಿತು. ಹಿಂದಿನ ದಿನ ಪ್ಯಾರಿಸ್ಸಿನಿಂದ ಹೊರಡುವ ಹೊತ್ತಿಗೆ ಫ್ರೆಂಚ್ ತಂಡದಲ್ಲಿ ಒಬ್ಬ ಆಟಗಾರ ಕಡಿಮೆಯಿದ್ದ. ಅಧಿಕಾರಿಯೊಬ್ಬರು ಊರೊಳಗೆ ಹುಡುಕಾಡಿ, ಕಲಾಕೃತಿಗಳ ಮಳಿಗೆಯೊಂದರಲ್ಲಿ ಕೆಲಸದಲ್ಲಿದ್ದ ಜೋ ಅಂಡುರಾನ್ ಎಂಬ ಕ್ಲಬ್ ಆಟಗಾರನನ್ನು ಅಲ್ಲಿಂದಲೇ ಹೊರಡಿಸಿಕೊಂಡು ಹೋದರೆಂದೂ, ಹೊಸ ವರ್ಷದ ಹಿಂದಿನ ರಾತ್ರಿ ಹೀಗೆ ಹೊರಟದ್ದು ಆತನ ಹೆಂಡತಿಗೆ ಹಿಡಿಸಲಿಲ್ಲವೆಂದೂ ರಗ್ಬಿ ಚರಿತ್ರೆಯನ್ನು ಬಲ್ಲವರು ಹೇಳುತ್ತಾ ಬಂದಿದ್ದಾರೆ. ರೈಲು, ಹಡಗು, ಮತ್ತೆ ರೈಲು ಹಿಡಿದು ಸೌತ್ ವೇಲ್ಸ್ ತಲುಪಿದ ಈ ಹದಿನೈದು ಜನ ಎದುರಿಸಬೇಕಾಗಿದ್ದು ಆ ಕಾಲದ ಅತ್ಯಂತ ಬಲಿಷ್ಠ ತಂಡವನ್ನು. ಫಲಿತಾಂಶ 49–14. ವೇಲ್ಸ್‌ನ ಫುಲ್‌ಬ್ಯಾಕ್ ಜ್ಯಾಕ್ ಬ್ಯಾಂಕ್ರಾಫ್ಟ್ ಎಂಟು ಕನ್ವರ್ಷನ್ (ಟ್ರೈ ನಂತರದ ಎರಡು ಅಂಕದ ಒದೆತ) ಮತ್ತು ಮೂರು ಅಂಕದ ಒಂದು ಪೆನಾಲ್ಟಿ ಒದ್ದು ಒಬ್ಬರೇ 19 ಅಂಕ ಗಳಿಸಿದರು. ಟ್ರೈಗೆ ಮೂರೇ ಅಂಕವಿದ್ದ ಕಾಲದಲ್ಲಿ, ಅಷ್ಟು ದಣಿದ ತಂಡ ವೇಲ್ಸ್ ನೆಲದಲ್ಲಿ 14 ಅಂಕ ಗಳಿಸಿದ್ದನ್ನು ಕಡೆಗಣಿಸುವಂತಿಲ್ಲ. ಅಂಡುರಾನ್ ಫ್ರಾನ್ಸ್ ಪರ ಆಡಿದ್ದು ಅದೊಂದೇ ಪಂದ್ಯ. 1914ರಲ್ಲಿ ಮಹಾಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಆತ ರಣರಂಗದಲ್ಲಿ ಮಡಿದ.

ಎರಡು ವಾರಗಳ ನಂತರ, ಜನವರಿ 15ರಂದು, ಲಂಡನ್ನಿನ ಹೊರವಲಯದ ಟ್ವಿಕನಮ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಇಂಗ್ಲೆಂಡ್ ಸಂಘ 1907ರಲ್ಲಿ ಕೊಂಡಿದ್ದ ಈ ಹತ್ತು ಎಕರೆ ಜಾಗ ಅದಕ್ಕೆ ಮುಂಚೆ ತರಕಾರಿ ಬೆಳೆಯುವ ತೋಟವಾಗಿತ್ತು; ಖರೀದಿಗೆ ಮುಂದಾಳಾಗಿದ್ದ ಬಿಲ್ಲಿ ವಿಲಿಯಮ್ಸ್ ಅವರ ಕೋಸಿನ ತೋಟ ಎಂದು ಜನ ಅದನ್ನು ಕರೆಯುತ್ತಿದ್ದರು. ಇಂಗ್ಲೆಂಡ್ 1898ರ ನಂತರ ವೇಲ್ಸನ್ನು ಒಮ್ಮೆಯೂ ಸೋಲಿಸಿರಲಿಲ್ಲ. ವೇಲ್ಸ್‌ನ ಬೆನ್ ಗ್ರೊನೊ ಕಿಕ್ ಆಫ್ ಮಾಡಿದ ಚೆಂಡು ಇಂಗ್ಲೆಂಡಿನ ನಾಯಕ ಏಡ್ರಿಯನ್ ಸ್ಟೂಪ್ ಕೈಸೇರಿತು. ಅಂಥ ಹೊತ್ತಿನಲ್ಲಿ ಚೆಂಡನ್ನು ಒದ್ದು ಅಂಗಳದಾಚೆ ಕಳಿಸುವುದು ವಾಡಿಕೆ. ಸ್ಟೂಪ್ ಒದೆಯದೆ ಚೆಂಡು ಹಿಡಿದು ಎದುರಾಳಿಗಳತ್ತಲೇ ಓಡಿದರು, ಚೆಂಡು ಅಂಗಳದ ಅಗಲಕ್ಕೂ ಕೈಯಿಂದ ಕೈಗೆ ಸಾಗಿತು, ಫ್ರೆಡರಿಕ್ ಚ್ಯಾಪ್‌ಮನ್ ಮೂಲೆಯಲ್ಲಿ ಟ್ರೈ ಗಳಿಸಿದರು. ವೇಲ್ಸ್‌ನ ಒಬ್ಬ ಆಟಗಾರನೂ ಅಷ್ಟರವರೆಗೆ ಚೆಂಡನ್ನು ಕೈಯಲ್ಲಿ ಹಿಡಿದಿರಲಿಲ್ಲ. ಕಾರ್ನ್‌ವಾಲ್‌ನ ಬರ್ಟ್ ಸಾಲಮನ್ ಎರಡನೆಯ ಟ್ರೈ ಗಳಿಸಿದರು. ಅವರೂ ಇಂಗ್ಲೆಂಡ್‌ಗೆ ಮತ್ತೆ ಆಡಲಿಲ್ಲ. ಇಂಗ್ಲೆಂಡ್ 11–6ರಿಂದ ಗೆದ್ದಿತು. ಚಾಂಪಿಯನ್‌ಷಿಪ್‌ನ ದಿಕ್ಕನ್ನು ತೀರ್ಮಾನಿಸಿದ್ದು ಈ ಪಂದ್ಯವೇ.

ಜನವರಿ 22ರಂದು ಎಡಿನ್‌ಬರೋದ ಇನ್ವರ್ಲೀತ್‌ನಲ್ಲಿ ಸ್ಕಾಟ್ಲೆಂಡ್ ಫ್ರಾನ್ಸನ್ನು 27–0ರಿಂದ ಸೋಲಿಸಿತು. ಲೆಕ್ಕಿಗರ ಪಾಲಿಗೆ ಐದು ರಾಷ್ಟ್ರಗಳ ಟೂರ್ನಿ ಹುಟ್ಟಿದ್ದು ಈ ಪಂದ್ಯದಿಂದ, ಏಕೆಂದರೆ ಬಾಕಿಯಿದ್ದ ಒಂದೇ ಕೊಂಡಿ ಅದಾಗಿತ್ತು. ಉಳಿದ ಪಂದ್ಯಗಳನ್ನು ಬೇಗ ಹೇಳಿ ಮುಗಿಸಬಹುದು. ಸ್ಕಾಟ್ಲೆಂಡ್ ವಿರುದ್ಧ 14–0, ಐರ್ಲೆಂಡ್ ವಿರುದ್ಧ 19–3ರಿಂದ ವೇಲ್ಸ್ ಗೆದ್ದಿತು. ಐರ್ಲೆಂಡ್ ಟ್ವಿಕನಮ್‌ನಲ್ಲಿ ಇಂಗ್ಲೆಂಡನ್ನು 0–0ಗೆ ತಡೆದು ನಿಲ್ಲಿಸಿತು, ಆದರೆ ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡ್‌ಗೆ ಸೋತಿತು. ಪ್ಯಾರಿಸ್‌ನಲ್ಲಿ ಎಡ್ಗರ್ ಮಾಬ್ಸ್ ನಾಯಕತ್ವದ ಇಂಗ್ಲೆಂಡ್ 11–3ರಿಂದ, ಈಸ್ಟರ್ ಸೋಮವಾರ ಐರ್ಲೆಂಡ್ 8–3ರಿಂದ ಫ್ರಾನ್ಸನ್ನು ಸೋಲಿಸಿದವು. ವರ್ಷಾರಂಭದಲ್ಲಿ 49 ಅಂಕ ಬಿಟ್ಟುಕೊಟ್ಟ ತಂಡವೇ ಮಾರ್ಚ್ ಹೊತ್ತಿಗೆ ತನ್ನ ನೆಲದಲ್ಲಿ ಎದುರಾಳಿಗಳನ್ನು 11ಕ್ಕೂ 8ಕ್ಕೂ ಕಟ್ಟಿಹಾಕಿತ್ತು. ನಾಲ್ಕೂ ಪಂದ್ಯ ಸೋತು ಕೊನೆಯ ಸ್ಥಾನ ಪಡೆಯಿತು ಎಂದು ಪಟ್ಟಿ ಹೇಳುವ ಮಾತಿನಲ್ಲಿ ಈ ಸುಧಾರಣೆ ಕಾಣುವುದಿಲ್ಲ.

ಚಾಂಪಿಯನ್‌ಷಿಪ್ ನಿರ್ಧಾರವಾದದ್ದು ಮಾರ್ಚ್ 19ರಂದು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಕಲ್ಕತ್ತಾ ಕಪ್ ಪಂದ್ಯದಲ್ಲಿ. ಸೋತಿದ್ದರೆ ಇಂಗ್ಲೆಂಡ್ ವೇಲ್ಸ್‌ಗಿಂತ ಕೆಳಗುಳಿಯುತ್ತಿತ್ತು. ಇನ್ವರ್ಲೀತ್‌ನಲ್ಲಿ ಅದು 14–5ರಿಂದ ಗೆದ್ದಿತು. ಈ ಕಪ್ ನಮ್ಮ ದೇಶದಿಂದ ಹೋದದ್ದು. 1878ರಲ್ಲಿ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಮುಚ್ಚಿದಾಗ ಸದಸ್ಯರು ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ಪಡೆದು, ಅದನ್ನು ಕರಗಿಸಿ, ನಾಗರಹಾವಿನ ಆಕಾರದ ಮೂರು ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಕಪ್ ಮಾಡಿಸಿ ಇಂಗ್ಲೆಂಡಿನ ಸಂಘಕ್ಕೆ ಕೊಟ್ಟಿದ್ದರು. ಮೂರು ಗೆಲುವು, ಒಂದು ಡ್ರಾ ಸಾಧಿಸಿದ ಇಂಗ್ಲೆಂಡ್ 18 ವರ್ಷಗಳ ನಂತರ ಚಾಂಪಿಯನ್ ಆಯಿತು. ಫ್ರಾನ್ಸ್ ಪಂದ್ಯಗಳನ್ನು ಬಿಟ್ಟು ಎಣಿಸಿದರೂ ಮೊದಲ ಸ್ಥಾನ ಬದಲಾಗದು. ಹಾಗಾಗಿ ಆ ವರ್ಷ ಯಾವ ಲೆಕ್ಕ ಸರಿ ಎಂದು ಯಾರೂ ತಕರಾರು ಎತ್ತಬೇಕಾಗಲಿಲ್ಲ, ಪ್ರಶ್ನೆ ಬಗೆಹರಿಯದೆಯೇ ಮುಂದಕ್ಕೆ ಹೋಯಿತು.

ಮುಂದಿನ ವರ್ಷ ವೇಲ್ಸ್ ನಾಲ್ವರನ್ನೂ ಸೋಲಿಸಿತು. ಐದು ರಾಷ್ಟ್ರಗಳ ಟೂರ್ನಿಯ ಮೊದಲ ಗ್ರ್ಯಾಂಡ್ ಸ್ಲಾಮ್ 1911ರದ್ದು ಎನ್ನುವವರು ಇದನ್ನೇ ಹಿಡಿಯುತ್ತಾರೆ. ಆದರೆ ಗ್ರ್ಯಾಂಡ್ ಸ್ಲಾಮ್ ಎಂಬ ಬಿರುದು ರಗ್ಬಿಯಲ್ಲಿ ಬಳಕೆಗೆ ಬಂದದ್ದೇ ದಶಕಗಳ ನಂತರ. ಎಲ್ಲವನ್ನೂ ಹಿಂದಿನಿಂದ ಎಣಿಸುವುದೇ ಆದರೆ, ಆಡಿ ಗೆದ್ದ ನಾಲ್ಕು ಪಂದ್ಯಗಳನ್ನು 1911ರಲ್ಲಿ ಒಪ್ಪಿ 1908 ಮತ್ತು 1909ರಲ್ಲಿ ನಿರಾಕರಿಸಲು ಗಟ್ಟಿಯಾದ ಕಾರಣ ಸಿಗುವುದಿಲ್ಲ. ಸ್ಕಾಟ್ಲೆಂಡ್ ಫ್ರಾನ್ಸ್ ಎದುರು ಆಡಿರಲಿಲ್ಲ ಎಂಬುದು ವೇಲ್ಸ್ ಗೆಲುವಿನ ತೂಕವನ್ನು ಕಡಿಮೆ ಮಾಡದು. 12 ಎಂಬ ಎಣಿಕೆಯೇ ಇಂದು ಚಾಲ್ತಿಯಲ್ಲಿರುವುದು ಸರಿಯಾಗಿಯೇ ಇದೆ.

ಅದೇ 1911ರ ಜನವರಿ 2ರಂದು ಪ್ಯಾರಿಸ್ ಬಳಿಯ ಕೊಲೊಂಬ್‌ನಲ್ಲಿ ಸ್ಕಾಟ್ಲೆಂಡನ್ನು 16–15ರಿಂದ ಸೋಲಿಸಿ ಫ್ರಾನ್ಸ್ ತನ್ನ ಮೊದಲ ಅಂತರರಾಷ್ಟ್ರೀಯ ಜಯ ಪಡೆಯಿತು. ಸೇರಿದ ಮರುವರ್ಷವೇ ಬಂದ ಈ ಗೆಲುವಿನ ನಂತರ ಅದನ್ನು ಬರೀ ಅತಿಥಿ ಎಂದು ನೋಡಲು ಕಾರಣವಿರಲಿಲ್ಲ. ಹಾಗಿದ್ದರೂ ಸಂಬಂಧ ಗಟ್ಟಿಯಾಗಲಿಲ್ಲ. 1913ರ ಜನವರಿ 1ರಂದು ಪ್ಯಾರಿಸ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಪ್ರೇಕ್ಷಕರು ಇಂಗ್ಲಿಷ್ ರೆಫರಿಯ ಮೇಲೆ ಮುಗಿಬಿದ್ದು ದಾಂಧಲೆಯಾದಾಗ, 1914ರಲ್ಲಿ ಫ್ರಾನ್ಸ್ ಎದುರು ಆಡಲು ಸ್ಕಾಟ್ಲೆಂಡ್ ನಿರಾಕರಿಸಿತು. ಯುದ್ಧದ ನಂತರ 1920ರಲ್ಲಿ ಪಂದ್ಯಗಳು ಮತ್ತೆ ಶುರುವಾದವು. ಆಟಗಾರರಿಗೆ ಹಣ ಸಂದಾಯವಾಗುತ್ತಿದೆ, ಅಂಗಳದಲ್ಲಿ ಒರಟುತನ ಮಿತಿಮೀರಿದೆ ಎಂಬ ದೂರುಗಳ ಮೇಲೆ 1931ರಲ್ಲಿ ನಾಲ್ಕೂ ಸಂಘಗಳು ಫ್ರಾನ್ಸ್ ಜೊತೆಗಿನ ಪಂದ್ಯಗಳನ್ನು ನಿಲ್ಲಿಸಿದವು. 1939ರಲ್ಲಿ ಮರಳಿ ಕರೆಯುವ ತೀರ್ಮಾನವಾದರೂ ಮತ್ತೊಂದು ಯುದ್ಧದಿಂದಾಗಿ ಐದು ರಾಷ್ಟ್ರಗಳು ಮತ್ತೆ ಒಟ್ಟಿಗೆ ಆಡಿದ್ದು 1947ರಲ್ಲಿ.

ಅಂಗಳದ ಲೆಕ್ಕಕ್ಕಿಂತ ಹೆಚ್ಚು ಅನ್ಯಾಯವೆನಿಸುವುದು ಸಭೆಯ ಲೆಕ್ಕ. 1910ರಲ್ಲಿ ಫ್ರಾನ್ಸ್ ಐದನೆಯ ರಾಷ್ಟ್ರವಾಗಿ ಆಡತೊಡಗಿದಾಗ, ಆಟದ ನಿಯಮಗಳನ್ನು ರೂಪಿಸುತ್ತಿದ್ದ ಅಂತರರಾಷ್ಟ್ರೀಯ ಮಂಡಳಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಬೇರೆಯವರು ಬರೆದ ನಿಯಮಗಳಡಿ ಆಡುತ್ತಾ, ಅವರ ತೀರ್ಪಿನಂತೆ ಹೊರಹೋಗಿ ಒಳಬಂದ ಆ ದೇಶಕ್ಕೆ ಮಂಡಳಿಯ ಸದಸ್ಯತ್ವ ಸಿಕ್ಕಿದ್ದು 1978ರಲ್ಲಿ. ಅಷ್ಟರೊಳಗೆ ಅದು 1968ರಲ್ಲೂ 1977ರಲ್ಲೂ ಗ್ರ್ಯಾಂಡ್ ಸ್ಲಾಮ್ ಗೆದ್ದಾಗಿತ್ತು.