ಉಬ್ಬರ ಬಂದಾಗ ಹಕ್ಕಿಗಳು ಎಲ್ಲಿ ನಿಲ್ಲಬೇಕು?

ಮುಂಬಯಿ ನಿಂತಿರುವುದು ದ್ವೀಪದ ಮೇಲೆ ಎಂಬುದು ಲೋಕಲ್ ಟ್ರೈನಿನ ಗದ್ದಲದಲ್ಲಿ ಮರೆತೇಹೋಗುತ್ತದೆ. ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗ್ ಕಡೆ ಹೆದ್ದಾರಿ ದಾಟಿದರೆ ಉಪ್ಪಿನ ಗದ್ದೆ, ಅದರಾಚೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೇಲೆ ಸಮುದ್ರ ಒಳಚಾಚಿದ ಠಾಣೆ ಖಾಡಿ. ಖಾಡಿಯ 6,521 ಹೆಕ್ಟೇರ್ ಪ್ರದೇಶ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನವೆಂಬರ್‌ನಿಂದ ಮೇವರೆಗೆ ಇಲ್ಲಿ ಬೀಡುಬಿಡುವ ರಾಜಹಂಸಗಳ (ಫ್ಲೆಮಿಂಗೊ) ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಅದರಲ್ಲಿ ಕಾಣುವುದು ಹೆಚ್ಚಾಗಿ ಇಳಿತದ ಕೆಸರುಬಯಲು. ಉಬ್ಬರದಲ್ಲಿ ಅವು ಎಲ್ಲಿರುತ್ತವೆ ಎಂದು ಕೇಳುವವರು ಕಡಿಮೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ನಾಲ್ಕು ಮೀಟರ್ ದಾಟಿ ಏರಿದಾಗ ಮೇಯುವ ಕೆಸರೆಲ್ಲ ಮುಳುಗುತ್ತದೆ. ಅಷ್ಟಮಿಯ ಹೊತ್ತಿನ ಸಣ್ಣ ಉಬ್ಬರದಲ್ಲಾದರೆ ಒಂದಿಷ್ಟು ಬಯಲು ಉಳಿಯುವುದುಂಟು. ಆರ್ಕ್‌ಟಿಕ್‌ನಿಂದ ಚಳಿಗಾಲಕ್ಕೆ ಬರುವ ಲಿಟಲ್ ಸ್ಟಿಂಟ್, ಕೆಸರಲ್ಲಿ ಮೇಯುವ ಗೊರವ ಹಕ್ಕಿಗಳಲ್ಲೊಂದು, ಗೇಣಿಗಿಂತ ಚಿಕ್ಕದು. ಮೂರ್ನಾಲ್ಕು ಸೆಂಟಿಮೀಟರ್ ನೀರೇ ಅದಕ್ಕೆ ಹೆಚ್ಚು. ಮೆಟ್ಟುಗಾಲು ಹಕ್ಕಿ ಹದಿನೈದರಲ್ಲೂ ನಿಭಾಯಿಸುತ್ತದೆ, ರಾಜಹಂಸ ಇನ್ನೂ ಆಳಕ್ಕೆ ಇಳಿಯುತ್ತದೆ. ತಳ ಒಂದು ಬದಿ ಏರಿ, ಇನ್ನೊಂದು ಬದಿ ಇಳಿದಿರುವ ತೆಳುನೀರಿನ ಜಾಗವಿದ್ದರೆ ಮೂರಕ್ಕೂ ಆಯಿತು. ಸುತ್ತ ಮಾತ್ರ ಬಯಲಿರಬೇಕು, ಬೇಟೆಹಕ್ಕಿ ಬರುವುದು ದೂರದಿಂದಲೇ ಕಾಣಬೇಕು.

ಇಂಥ ಜಾಗವನ್ನು ಉಪ್ಪು ಮಾಡುವವರು ತಮಗರಿವಿಲ್ಲದೆಯೇ ಕಟ್ಟಿಕೊಟ್ಟಿದ್ದಾರೆ. ಮಳೆ ಮುಗಿದ ಮೇಲೆ ನಿಂತ ನೀರು ಹೊರಹಾಕಿ, ಬದು ಸರಿಮಾಡಿ, ದೊಡ್ಡ ಉಬ್ಬರದಲ್ಲಿ ತೂಬು ತೆಗೆದು ಸಮುದ್ರದ ನೀರನ್ನು ಒಳಬಿಡುತ್ತಾರೆ. ತೆರೆದ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೊದಲ ಮಡಿಯಲ್ಲಿ ಮೀನು, ಸಿಗಡಿ ಇರುವುದರಿಂದ ಬೆಳ್ಳಕ್ಕಿ, ಮಿಂಚುಳ್ಳಿಗಳಿಗೆ ಸುಗ್ಗಿ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು 80 ಗ್ರಾಂ ದಾಟಿತೆಂದರೆ ಮೀನುಗಳು ಬಹುತೇಕ ಉಳಿಯುವುದಿಲ್ಲ. ತಿನ್ನುವವರಿಲ್ಲದ ಆ ನೀರಿನಲ್ಲಿ ಒಂದು ಸೆಂಟಿಮೀಟರ್ ಉದ್ದದ ಆರ್ಟೀಮಿಯಾ ಸಿಗಡಿ ಎಗ್ಗಿಲ್ಲದೆ ಹೆಚ್ಚುತ್ತದೆ. ಗೊರವಗಳು ಮುಗಿಬೀಳುವುದು ಈ ನಡುವಿನ ಮಡಿಗಳಿಗೇ. ಉಪ್ಪು ಹರಳುಗಟ್ಟುವ ಕೊನೆಯ ಮಡಿಯಲ್ಲಿ ಲೀಟರಿಗೆ 260 ಗ್ರಾಂ ಮೀರಿರುತ್ತದೆ, ಅಲ್ಲಿ ಮೇವು ಶೂನ್ಯ.

ಉಪ್ಪಿನ ಕೆಲಸ ನಿಂತ ಗದ್ದೆ ತಾನಾಗಿ ಹಕ್ಕಿಧಾಮವಾಗುತ್ತದೆ ಎಂದುಕೊಳ್ಳುವುದು ಭ್ರಮೆ. ತೂಬು ಕಟ್ಟಿಕೊಂಡರೆ ಬೇಸಿಗೆಯಲ್ಲಿ ಒಣಗಿ ಬಿರುಕುಬಿಡುತ್ತದೆ, ಮಳೆಗಾಲದಲ್ಲಿ ಆಳವಾಗಿ ತುಂಬುತ್ತದೆ. ಬದು ಒಡೆದರೆ ಕೆಲವೇ ವರ್ಷಗಳಲ್ಲಿ ಕಾಂಡ್ಲಾ ಆವರಿಸುತ್ತದೆ. ಪುಣ್ಯದ ಕೆಲಸವೆಂದು ತೆರೆದ ಕೆಸರಲ್ಲೂ ಕಾಂಡ್ಲಾ ನೆಡುವವರಿದ್ದಾರೆ. ಅದು ಗೊರವಗಳ ಹೊಟ್ಟೆಗೆ ಮಣ್ಣು ಹಾಕಿದಂತೆ.

ಇಲ್ಲಿ ಸಂಖ್ಯೆಯಲ್ಲಿ ಹೆಚ್ಚಿರುವ ಕಿರು ರಾಜಹಂಸದ ಕತೆ ಬೇರೆ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯನ್ನು ಪಿಚಕಾರಿಯ ಕೋಲಿನಂತೆ ಸೆಕೆಂಡಿಗೆ ಇಪ್ಪತ್ತರಷ್ಟು ಸಲ ಹಿಂದೆ ಮುಂದೆ ಆಡಿಸುತ್ತದೆ. ಕೊಕ್ಕಿನೊಳಗಿನ ಬಾಚಣಿಗೆಯಂಥ ಎಳೆಗಳಲ್ಲಿ ಪಾಚಿ ಸಿಕ್ಕಿಕೊಳ್ಳುತ್ತದೆ, ನೀರು ಹೊರಹೋಗುತ್ತದೆ. ಹೆಚ್ಚಾದ ಉಪ್ಪನ್ನು ಕಣ್ಣಿನ ಮೇಲಿನ ಗ್ರಂಥಿಗಳು ಸೋಸಿ ಮೂಗಿನ ಹೊಳ್ಳೆಯಿಂದ ಹನಿಸುತ್ತವೆ. ಆ ಪಾಚಿ ಕೊಬ್ಬುವುದು ಬಹುಪಾಲು ನಗರದ ಕೊಳಚೆಯ ಸಾರಜನಕ, ರಂಜಕದಿಂದ. ನಮ್ಮ ಗಲೀಜಿಗೆ ಇದರಿಂದ ಸರ್ಟಿಫಿಕೇಟ್ ಸಿಕ್ಕಿತೆಂದು ಬೀಗಬೇಕಿಲ್ಲ.

ಉಬ್ಬರದ ನೀರು ಬರುವ ಪೈಪು, ಕಾಲುವೆ ಮುಚ್ಚಿದ ಕೆರೆಯಲ್ಲಿ ಅದೇ ಪಾಚಿ ಕಂಟಕವಾಗುತ್ತದೆ. ರಾತ್ರಿ ಅದು ಉಸಿರಾಡಿ, ಸತ್ತದ್ದು ಕೊಳೆತು, ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಗಾಳಿಯಾಡದ ಬಿಸಿ ಕೆಸರಲ್ಲಿ ಬಾಟ್ಯುಲಿಸಂ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ. ಸತ್ತ ಹಕ್ಕಿಯ ಮೈಯ ಹುಳು ಆ ವಿಷ ತುಂಬಿಕೊಳ್ಳುತ್ತದೆ, ಹುಳು ತಿಂದ ಹಕ್ಕಿಯೂ ಉರುಳುತ್ತದೆ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭಾರ್ ಉಪ್ಪುಕೆರೆಯಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಈ ಕಾಯಿಲೆಯಿಂದಲೇ. ಸತ್ತ ಹಕ್ಕಿಗಳನ್ನು ದಿನಾ ಹೆಕ್ಕಿ ತೆಗೆಯುವುದು ಮೊದಲ ಕೆಲಸ, ಉಬ್ಬರದ ದಾರಿ ಬಿಡಿಸುವುದು ಎರಡನೆಯದು. ಪೈಪು ಹಾಕಿದರಷ್ಟೇ ಸಾಲದು. ಹೂಳು, ಪ್ಲಾಸ್ಟಿಕ್ ಬಾಯಿಗೆ ಕಟ್ಟಿಕೊಳ್ಳದಂತೆ ಪ್ರತಿ ಮಳೆಗಾಲದ ನಂತರ ತೆಗೆಸಬೇಕು.

ನೋಡಲು ಹೋಗುವವರು ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ನೋಡಿಕೊಳ್ಳಲಿ. ಮುಂಬಯಿಯ ಶಿವಡಿ ಜೆಟ್ಟಿಯಲ್ಲಿ ತುಂಬು ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲು ನಿಂತರೆ ಏರುವ ನೀರು ಹಕ್ಕಿಗಳನ್ನು ದಡದತ್ತ ತಳ್ಳುತ್ತದೆ. ಪೂರ್ತಿ ಇಳಿತದಲ್ಲಿ ಹೋದರೆ ದುರ್ಬೀನಿಗೂ ಎಟುಕುವುದು ಕಷ್ಟ. ಮರುದಿನ ಹೋಗುವುದಾದರೆ ಸುಮಾರು 50 ನಿಮಿಷ ತಡವಾಗಿ ಹೊರಡಿ.