ಮೀನಿಗೆ ಬಾಣ ಬಿಡುವ ಮೊದಲು: ದುಡ್ಡು ಯಾವುದಕ್ಕೆ ಹಾಕಬೇಕು?

ಅಮೆರಿಕದ ಇಲಿನಾಯ್‌ನಲ್ಲಿ ಬಿಲ್ಲು ರಿಪೇರಿ ಮಾಡಿ, ಸೆಟ್ ಮಾಡಿಕೊಡುವುದು ನನ್ನ ಕೆಲಸ. ಬಿಸಿಲು ಏರುತ್ತಿದ್ದಂತೆ ಬೋಫಿಶಿಂಗ್, ಅಂದರೆ ದಾರ ಕಟ್ಟಿದ ಬಾಣದಿಂದ ಮೀನು ಹಿಡಿಯುವುದು, ಶುರು ಮಾಡಬೇಕು ಅಂತ ಬರುವವರು ಜಾಸ್ತಿ. ಕೆಲಸಕ್ಕೆ ಅಂತ ಇಲ್ಲಿಗೆ ಬಂದ ನಮ್ಮ ಕನ್ನಡದ ಹುಡುಗರೂ ಇರುತ್ತಾರೆ. ಎಲ್ಲರೂ ಮೊದಲು ಕೇಳುವುದು "ಸರ್, ಯಾವ ಬಿಲ್ಲು ತಗೊಳ್ಳಲಿ?" ಅಂತ. ನಾನು ಮೊದಲು ಬಾಣ ತೋರಿಸುತ್ತೇನೆ.

ಈ ಬಾಣಕ್ಕೆ ಗರಿ ಇಲ್ಲ. ಫೈಬರ್‌ಗ್ಲಾಸ್ ಕಡ್ಡಿ, ಮಾಮೂಲಿ ಕಾರ್ಬನ್ ಬಾಣಕ್ಕಿಂತ ಕೆಲವು ಪಟ್ಟು ಭಾರ. ಹಗುರ ಬಾಣದ ವೇಗ ನೀರಿಗೆ ಬಿದ್ದ ಕೂಡಲೇ ಸತ್ತುಹೋಗುತ್ತದೆ. ತುದಿಯಲ್ಲಿ ಮೀನು ಜಾರದಂತೆ ಹಿಡಿಯುವ ಮುಳ್ಳುಗಳಿವೆ. ತುದಿಯನ್ನು ತಿರುಗಿಸಿದರೆ ಮುಳ್ಳು ಮಡಚಿ, ಬಾಣ ಹೊರಗೆ ಬರುತ್ತದೆ.

ಈಗ ಕಡ್ಡಿಯ ಮೇಲೆ ಜಾರುವ ಚಿಕ್ಕ ತುಂಡನ್ನು ನೋಡಿ. ಇದು ಸೇಫ್ಟಿ ಸ್ಲೈಡ್. ದಾರ ಕಟ್ಟಬೇಕಾದ್ದು ಇದಕ್ಕೇ. ಹೆದೆ ಎಳೆದಾಗ ಬಾಣ ಹಿಂದೆ ಬರುತ್ತದೆ, ಸ್ಲೈಡ್ ಮಾತ್ರ ಬಿಲ್ಲಿನ ಮುಂದೆಯೇ ನಿಲ್ಲುತ್ತದೆ. ಬಾಣ ಬಿಟ್ಟ ಮೇಲೆ ಅದು ಜಾರಿ ಹಿಂದಿನ ತುದಿಗೆ ಹೋಗುತ್ತದೆ. ಇದಿಲ್ಲದೆ ಬಾಣದ ಹಿಂತುದಿಗೇ ದಾರ ಕಟ್ಟಿದರೆ, ಎಳೆದಾಗ ದಾರವೂ ಹೆದೆಯ ಹತ್ತಿರ ಬರುತ್ತದೆ. ಅಲ್ಲಿ ಒಂದು ಸುತ್ತು ಸಿಕ್ಕಿಕೊಂಡರೆ ಸಾಕು, ಹೋದ ಬಾಣ ವಾಪಸ್ ನಿಮ್ಮ ಮುಖಕ್ಕೇ ಬರಬಹುದು. ಸ್ಲೈಡ್‌ಗೆ ಬೀಳುವುದು ಕೆಲವೇ ಡಾಲರ್. ಸ್ಲೈಡ್ ಇಲ್ಲದ ಹಳೆಯ ಬಾಣ ಯಾರಾದರೂ ಸುಮ್ನೆ ಕೊಟ್ಟರೂ ತಗೊಳ್ಳಬೇಡಿ.

ಹೆಣೆದ ದಾರವೇ ಬೇಕು, 200 ಪೌಂಡ್ ತಡೆಯುವಂಥದ್ದು. ಅಷ್ಟು ದೊಡ್ಡ ಮೀನು ಎಲ್ಲಿದೆ ಅಂತೀರಾ? ಕೆಸರಿಗೆ, ಬೇರಿಗೆ ಹೊಕ್ಕ ಬಾಣವನ್ನು ಕಿತ್ತು ತೆಗೆಯಲು ಅಷ್ಟು ಗಟ್ಟಿ ಬೇಕು. ತೆಳು ದಾರ ಅಂಗೈ ಕೊಯ್ಯುತ್ತದೆ. ದಾರ ಇಡಲು ಬಿಲ್ಲಿಗೆ ಕಟ್ಟುವ ರೀಲ್‌ಗಳಲ್ಲಿ ಹೊಸಬರಿಗೆ ನಾನು ಹೇಳುವುದು ಬಾಟಲ್ ರೀಲ್. ಬಾಟಲಿಯೊಳಗೆ ಸಡಿಲವಾಗಿ ಬಿದ್ದಿರುವ ದಾರ ಬಾಣದ ಜೊತೆ ತಾನೇ ಹೋಗುತ್ತದೆ. ಗುಂಡಿ ಒತ್ತುವ ರೀಲ್‌ನಲ್ಲಿ ಬಾಣ ಬಿಡುವ ಮೊದಲು ಒತ್ತುವುದನ್ನು ಮರೆತರೆ ದಾರ ತುಂಡಾಗುತ್ತದೆ, ಇಲ್ಲವೇ ಬಾಣ ತಿರುಗಿ ಬರುತ್ತದೆ. ಮೀನು ಕಂಡ ಖುಷಿಯಲ್ಲಿ ಎಲ್ಲರೂ ಮರೆಯುತ್ತಾರೆ.

ಬಿಲ್ಲು 40 ಪೌಂಡ್ ಎಳೆತದ್ದಾದರೆ ಧಾರಾಳ. ತುದಿಗಳು ಮುಂದಕ್ಕೆ ಬಾಗಿದ ಹಳೆಯ ರಿಕರ್ವ್ ಬಿಲ್ಲು ಸಾಕು. ಗುರಿ ನೋಡುವ ಸೈಟ್ ಬೇಡ. ಬೆರಳಿಗೆ ನೋವಾಗದಂತೆ ಹೆದೆಗೆ ರಬ್ಬರ್ ಹಾಕಿಸಿಕೊಳ್ಳಿ.

ಪೋಲರೈಸ್ಡ್ ಕನ್ನಡಕ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ನೀರಿನ ಮೇಲೆ ಬಿಸಿಲಿನ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಂಡ ಮೀನೂ ಕಂಡ ಜಾಗದಲ್ಲಿರುವುದಿಲ್ಲ, ಅದಕ್ಕಿಂತ ಕೆಳಗಿರುತ್ತದೆ. 10 ಅಡಿ ದೂರದಲ್ಲಿ, 1 ಅಡಿ ಆಳದಲ್ಲಿದ್ದರೆ ಸುಮಾರು 4 ಇಂಚು ಕೆಳಗೆ ಗುರಿ ಇಡಿ.

ಲೈಸೆನ್ಸ್ ಮಾಡಿಸಿ, ನಿಮ್ಮ ರಾಜ್ಯದಲ್ಲಿ ಯಾವ ಮೀನಿಗೆ ಅನುಮತಿ ಇದೆ ಅಂತ ಓದಿಕೊಳ್ಳಿ. ಊರಿನ ಕೆರೆಗಳಲ್ಲಿ ಸಾಕುವ ಬೆಳ್ಳಿ ಗೆಂಡೆಯನ್ನು ಇಲ್ಲಿಗೆ 1970ರ ದಶಕದಲ್ಲಿ ತಂದರು. ಅದು ಕೊಳಗಳಿಂದ ತಪ್ಪಿಸಿಕೊಂಡು ನದಿಗಳನ್ನೇ ತುಂಬಿಬಿಟ್ಟಿದೆ. ಅದಕ್ಕೆ ಧಾರಾಳವಾಗಿ ಬಾಣ ಬಿಡಿ. ಆದರೆ ಬಫಲೋ ಮೀನು ಈ ನೆಲದ್ದೇ. ನೋಡಲು ಸಾಮಾನ್ಯ ಗೆಂಡೆಯ ಹಾಗೇ ಇರುತ್ತದೆ, ಬಾಯಿಯ ಪಕ್ಕ ಮೀಸೆ ಮಾತ್ರ ಇರುವುದಿಲ್ಲ. ಅದರಲ್ಲಿ ದೊಡ್ಡಬಾಯಿಯ ಜಾತಿ ನೂರು ವರ್ಷ ದಾಟಿ ಬದುಕಬಲ್ಲದು ಅಂತ 2019ರಲ್ಲಿ ಗೊತ್ತಾಯಿತು. ಗುರುತು ಸಿಗದಿದ್ದರೆ ಬಾಣ ಬಿಡಬೇಡಿ. ಗಾಳದ ಮೀನಿನಂತೆ ಬಾಣ ತಗುಲಿದ ಮೀನನ್ನು ವಾಪಸ್ ನೀರಿಗೆ ಬಿಟ್ಟು ಉಳಿಸಲು ಆಗುವುದಿಲ್ಲ.

ಹಾಗಾಗಿ ಐಸ್ ತುಂಬಿದ ಡಬ್ಬಿಯೂ ಸಲಕರಣೆಯೇ. ಹೊಡೆದದ್ದನ್ನು ದಡದಲ್ಲಿ ಎಸೆದು ಬರಬೇಡಿ. ಬೆಳ್ಳಿ ಗೆಂಡೆಗೆ ಮುಳ್ಳು ಜಾಸ್ತಿ, ಆದರೆ ಹುಣಸೆಹುಳಿ ಹಾಕಿದ ಸಾರಿಗೆ ಚೆನ್ನಾಗಿರುತ್ತದೆ.